ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ

ಹೊನ್ನಾವರದಿಂದ ಶರಾವತಿಯ ದಂಡೆ ಹಿಡಿದು ಘಟ್ಟದತ್ತ ಹೊರಟರೆ ಗೇರುಸೊಪ್ಪೆ ಸಿಗುತ್ತದೆ. ನದಿಯಾಚೆಯ ದಟ್ಟ ಕಾಡಿನ ನಡುವೆ ಇರುವ ನಗರಬಸ್ತಿಕೇರಿಯ ಚತುರ್ಮುಖ ಬಸದಿಗೆ ಇಂದಿಗೂ ಯಾತ್ರಿಕರು ಬರುತ್ತಾರೆ. ಒಂದು ಕಾಲಕ್ಕೆ ಈ ಕಾಡೇ ಒಂದು ರಾಜಧಾನಿಯಾಗಿತ್ತು. ಶಾಸನಗಳು ಇದನ್ನು ನಗಿರೆ, ಕ್ಷೇಮಪುರ, ಭಲ್ಲಾತಕೀಪುರ ಎಂದು ಕರೆದಿವೆ. ಭಲ್ಲಾತಕ ಎಂದರೆ ಗೇರು. ಈ ನಗರದಿಂದ ಕರಾವಳಿಯನ್ನು ಆಳಿದ ಜೈನ ರಾಣಿಯೇ ಚೆನ್ನಭೈರಾದೇವಿ.

ಆಕೆ ಸಾಳುವ ವಂಶದವಳು. ಈ ಮನೆತನಕ್ಕೆ ಎರಡು ನೆಲೆಗಳಿದ್ದವು. ಒಂದು ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆ, ಇನ್ನೊಂದು ಭಟ್ಕಳ ತಾಲ್ಲೂಕಿನ ಹಾಡುವಳ್ಳಿ, ಅಂದರೆ ಶಾಸನಗಳ ಸಂಗೀತಪುರ. ಕರಾವಳಿಯ ಅಳಿಯಸಂತಾನ ಪದ್ಧತಿಯಲ್ಲಿ ಹೆಣ್ಣುಮಕ್ಕಳ ಮೂಲಕ ಅಧಿಕಾರ ಸಾಗುತ್ತಿದ್ದುದರಿಂದ ಇಲ್ಲಿ ರಾಣಿಯರು ಪಟ್ಟವೇರುವುದು ಹೊಸದೇನಾಗಿರಲಿಲ್ಲ. ಚೆನ್ನಭೈರಾದೇವಿ 1552ರಲ್ಲಿ ಅಧಿಕಾರ ವಹಿಸಿಕೊಂಡು 1606ರವರೆಗೆ, 54 ವರ್ಷಗಳ ಕಾಲ ಆಳಿದಳೆಂದು ಇತಿಹಾಸಕಾರರು ಗುರುತಿಸುತ್ತಾರೆ. ಇಷ್ಟು ದೀರ್ಘಕಾಲ ರಾಜ್ಯಭಾರ ನಡೆಸಿದ ರಾಣಿಯರು ನಮ್ಮ ದೇಶದಲ್ಲಿ ಅತಿ ವಿರಳ.

ಆಕೆ ಸ್ವತಂತ್ರ ಚಕ್ರವರ್ತಿನಿಯಾಗಿರಲಿಲ್ಲ; ವಿಜಯನಗರದ ಅಧೀನದಲ್ಲಿ ಮಹಾಮಂಡಲೇಶ್ವರಿ ಎಂಬ ಪದವಿಯಿಂದ ಕರಾವಳಿಯ ಆಡಳಿತ ನೋಡಿಕೊಳ್ಳುತ್ತಿದ್ದಳು. ಅದು ಸಣ್ಣ ಹೊಣೆಯಲ್ಲ. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬೀ ಕುದುರೆಗಳು ಭಟ್ಕಳದಂತಹ ಬಂದರುಗಳಲ್ಲಿ ಇಳಿಯುತ್ತಿದ್ದವು. ಘಟ್ಟದ ಕಾಳುಮೆಣಸು, ಅಕ್ಕಿ, ಸಕ್ಕರೆ ಇದೇ ಬಂದರುಗಳಿಂದ ಹಡಗು ಹತ್ತುತ್ತಿದ್ದವು. ಬಂದರು ಕೈತಪ್ಪಿದರೆ ಆದಾಯವೂ ಇಲ್ಲ, ಕುದುರೆಯೂ ಇಲ್ಲ.

ಅಪಾಯ ಬಂದದ್ದೂ ಕಡಲಿನಿಂದಲೇ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಮೆಣಸಿನ ವ್ಯಾಪಾರವೆಲ್ಲ ತಮ್ಮ ಮುಷ್ಟಿಯಲ್ಲೇ ಇರಬೇಕೆಂದು ಬಯಸಿದರು. 1542ರಲ್ಲಿ ಅವರು ಭಟ್ಕಳವನ್ನು ಸುಟ್ಟು ಸೂರೆಗೈದಿದ್ದರು. ಆ ಗಾಯ ಮಾಯುವ ಮೊದಲೇ ಪಟ್ಟಕ್ಕೆ ಬಂದ ಚೆನ್ನಭೈರಾದೇವಿ ಅವರೊಡನೆ ವ್ಯಾಪಾರವನ್ನೂ ಮಾಡಿದಳು, ಅಗತ್ಯ ಬಿದ್ದಾಗ ಯುದ್ಧವನ್ನೂ ಮಾಡಿದಳು. ಅವರೇ ಆಕೆಗೆ ‘ರೈನಾ ದ ಪಿಮೆಂಟಾ’, ಅಂದರೆ ಕಾಳುಮೆಣಸಿನ ರಾಣಿ ಎಂಬ ಹೆಸರಿಟ್ಟರು.

1565ರ ರಕ್ಕಸತಂಗಡಿ ಯುದ್ಧದ ನಂತರ ವಿಜಯನಗರದ ಆಸರೆ ಸಡಿಲವಾಯಿತು. ಅದೇ ಸಮಯ ನೋಡಿ ಪೋರ್ಚುಗೀಸರು 1569ರಲ್ಲಿ ಹೊನ್ನಾವರದ ಕೋಟೆಯನ್ನು ವಶಪಡಿಸಿಕೊಂಡರು. ಮರುವರ್ಷವೇ ಬಿಜಾಪುರ, ಅಹಮದ್‌ನಗರ ಮತ್ತು ಕಲ್ಲಿಕೋಟೆಯ ಸಾಮೂದಿರಿ ಒಂದಾಗಿ ಪೋರ್ಚುಗೀಸರ ಮೇಲೆ ಬಿದ್ದಾಗ, ಗೇರುಸೊಪ್ಪೆಯ ರಾಣಿಯೂ ಹೊನ್ನಾವರಕ್ಕೆ ಮುತ್ತಿಗೆ ಹಾಕಿದಳು. ಕೋಟೆ ಮರಳಿ ದಕ್ಕಲಿಲ್ಲ. ಆದರೂ ಒಳನಾಡಿನ ಮೆಣಸಿನ ನೆಲವನ್ನು ಆಕೆ ಬಿಟ್ಟುಕೊಡಲಿಲ್ಲ.

ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿಗೆ ಹತ್ತಿರವಿರುವ ಮಿರ್ಜಾನ ಕೋಟೆ ಈಕೆಯದೆಂದೇ ಜನಜನಿತ. ಸಾಗರ ತಾಲ್ಲೂಕಿನ ಕಾಡಿನಲ್ಲಿರುವ ಕಾನೂರು ಕೋಟೆಯನ್ನೂ ಆಕೆಯ ಹೆಸರಿನೊಂದಿಗೇ ನೆನೆಯುತ್ತಾರೆ. ಒಂದು ಬಂದರಿನ ದಾರಿ ಕಾಯಲು, ಇನ್ನೊಂದು ಘಟ್ಟದ ದಾರಿ ಕಾಯಲು.

ಧರ್ಮದ ವಿಷಯದಲ್ಲಿ ರಾಣಿ ಜಿನಭಕ್ತೆ. ನಾಲ್ಕು ದಿಕ್ಕಿಗೂ ಬಾಗಿಲಿರುವ ಶಿಲಾಮಯ ಚತುರ್ಮುಖ ಬಸದಿ ಆಕೆಯ ಕಾಲದ ನಿರ್ಮಾಣವೆಂದು ನಂಬಲಾಗಿದೆ. ಅದೇ ಪರಿಸರದಲ್ಲಿ ಪಾರ್ಶ್ವನಾಥ, ನೇಮಿನಾಥ ಬಸದಿಗಳೂ ಜ್ವಾಲಾಮಾಲಿನಿ ದೇವಿಯ ಸನ್ನಿಧಿಯೂ ಇವೆ. ಆದರೆ ಆಕೆಯ ಔದಾರ್ಯ ಬಸದಿಗಳಿಗಷ್ಟೇ ಸೀಮಿತವಾಗಿರಲಿಲ್ಲ. ಶೈವ, ವೈಷ್ಣವ ದೇವಾಲಯಗಳಿಗೂ ನೆರವು ಸಂದಿತ್ತು. ಗೋವೆಯಲ್ಲಿ ಮತಪೀಡನೆ ತಾಳಲಾರದೆ ಊರು ಬಿಟ್ಟು ಬಂದ ಸಾರಸ್ವತರಿಗೆ ಆಕೆಯ ನಾಡು ಆಶ್ರಯ ಕೊಟ್ಟಿತೆಂದು ಕರಾವಳಿ ಇಂದಿಗೂ ಸ್ಮರಿಸುತ್ತದೆ.

ಪರದೇಶದ ಶತ್ರುವನ್ನು ಅರ್ಧ ಶತಮಾನ ಎದುರಿಸಿದ ರಾಣಿಯನ್ನು ಕೊನೆಗೆ ಸೋಲಿಸಿದ್ದು ನೆರೆಯವರು. ಘಟ್ಟದ ಮೇಲಿನ ಕೆಳದಿ ಅರಸರಿಗೂ ಕಡಲ ದಾರಿ ಬೇಕಿತ್ತು. ವೆಂಕಟಪ್ಪ ನಾಯಕನು ಬಿಳಗಿಯ ಅರಸರ ಜೊತೆಗೂಡಿ 1606ರಲ್ಲಿ ಗೇರುಸೊಪ್ಪೆಯನ್ನು ಗೆದ್ದನು. ವೃದ್ಧೆಯಾಗಿದ್ದ ರಾಣಿಯನ್ನು ಸೆರೆಹಿಡಿದು ಇಕ್ಕೇರಿಗೆ ಒಯ್ಯಲಾಯಿತು. ಅಲ್ಲಿಯೇ ಸೆರೆಯಲ್ಲಿ ಆಕೆಯ ಬಾಳು ಮುಗಿಯಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಈ ದಾರಿಯಾಗಿ ಹೋದಾಗ, ಪ್ರಸಿದ್ಧ ನಗರವಾಗಿದ್ದ ಗೇರುಸೊಪ್ಪೆ ಆಗಲೇ ಹಾಳುಬಿದ್ದು ಗಿಡಮರಗಳ ಪಾಲಾಗಿತ್ತು. ಹದಿನೇಳೇ ವರ್ಷಗಳಲ್ಲಿ ಒಂದು ರಾಜಧಾನಿ ಕಾಡಾಗಿತ್ತು.

ಶತಮಾನಗಳ ಕಾಲ ಮರೆವಿನಲ್ಲಿದ್ದ ಈ ರಾಣಿಯ ಹೆಸರು ಈಗ ಮತ್ತೆ ಕೇಳಿಬರುತ್ತಿದೆ. ಡಾ. ಗಜಾನನ ಶರ್ಮ ಅವರ ಕಾದಂಬರಿ ಆಕೆಯನ್ನು ಕನ್ನಡದ ಮನೆಮನೆಗೆ ಪರಿಚಯಿಸಿತು. 2025ರಲ್ಲಿ ಭಾರತೀಯ ಅಂಚೆ ಇಲಾಖೆ ಆಕೆಯ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಗೇರುಸೊಪ್ಪೆಗೆ ದರ್ಶನಕ್ಕೆ ಹೋಗುವ ಶ್ರಾವಕ ಬಂಧುಗಳು ಬಸದಿಗಳ ಜೊತೆಗೆ ಸುತ್ತಲಿನ ಶಾಸನದ ಕಲ್ಲುಗಳನ್ನೂ ಒಂದು ಗಳಿಗೆ ನಿಂತು ನೋಡಬೇಕು. ಆ ರಾಜ್ಯದ ಸಾಕ್ಷಿಯಾಗಿ ಉಳಿದಿರುವುದು ಅವೇ.