ಕಾರ್ಡಿಗೆ ತೂತು ಕೊರೆದ ಹಾಲೆರಿತ್

ಹಗಲು ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ವಿಶ್ವವಿದ್ಯಾಲಯವೊಂದರ ಆನ್‌ಲೈನ್ ಕೋರ್ಸ್‌ಗೆ ಕೂರುತ್ತೇನೆ. ವಿಷಯ ಬಿಸಿನೆಸ್ ಇನ್ಫರ್ಮೇಷನ್ ಸಿಸ್ಟಮ್ಸ್. ಹೆಸರೇನೋ ದೊಡ್ಡದು. ಆದರೆ ಮೊದಲ ಸೆಮಿಸ್ಟರ್‌ನಲ್ಲಿ ನಾನು ಮಾಡಿದ್ದು ವಿಡಿಯೊಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ, ವ್ಯಾಖ್ಯಾನಗಳನ್ನು ಬಾಯಿಪಾಠ ಮಾಡಿದ್ದಷ್ಟೇ. ಬಿ.ಕಾಂ. ಗೆಳೆಯರೆಲ್ಲ ಬೆಂಗಳೂರು ಸೇರಿದರು, ನಾನೊಬ್ಬ ತೂಕದ ಚೀಟಿಗಳ ನಡುವೆ ಉಳಿದೆ ಎಂಬ ಕೊರಗು ಬೇರೆ. ನಿಮಗೆ ಗೊತ್ತಿರುವ ಒಂದು ವ್ಯಾಪಾರದಲ್ಲಿ ಮಾಹಿತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಚಿತ್ರ ಬಿಡಿಸಿ ಅಂತ ಒಂದು ಅಸೈನ್‌ಮೆಂಟ್ ಕೊಟ್ಟಿದ್ದರು. ನಾನು ಪುಸ್ತಕದಲ್ಲಿದ್ದ ಸೂಪರ್ ಮಾರ್ಕೆಟ್ ಚಿತ್ರವನ್ನೇ ಸ್ವಲ್ಪ ತಿದ್ದಿ ಕಳಿಸಿದೆ. 20ಕ್ಕೆ 7 ಅಂಕ ಬಂತು. ಕೋರ್ಸ್ ಬಿಟ್ಟುಬಿಡೋಣ ಅನ್ನಿಸಿದ ಆ ವಾರದಲ್ಲೇ ಹರ್ಮನ್ ಹಾಲೆರಿತ್ ಸಿಕ್ಕಿದ್ದು.

ಪಾಠದಲ್ಲಿ ಆತನಿಗೆ ಅರ್ಧ ನಿಮಿಷ ಅಷ್ಟೇ. ದಪ್ಪ ಮೀಸೆಯ ಒಂದು ಫೋಟೊ, 1890ರ ಅಮೆರಿಕದ ಜನಗಣತಿ, ತೂತು ಕೊರೆದ ಕಾರ್ಡು, ಮುಂದಿನ ಸ್ಲೈಡ್. ನಾನು ವಿಡಿಯೊ ನಿಲ್ಲಿಸಿದೆ. ರಾಶಿ ಕಾಗದದ ಮುಂದೆ ಗುಮಾಸ್ತರು ಕೂತಿದ್ದ ಆ ಚಿತ್ರ ನಮ್ಮ ಮಂಡಿಯ ಸೀಸನ್ ದಿನಗಳ ಹಾಗೇ ಇತ್ತು. ಆಮೇಲೆ ಒಂದು ವಾರ ಸಿಲೆಬಸ್ ಬಿಟ್ಟು ಆತನ ಬದುಕನ್ನೇ ಓದಿದೆ.

ಹಾಲೆರಿತ್ ಹುಟ್ಟಿದ್ದು 1860ರ ಫೆಬ್ರುವರಿ 29ರಂದು, ನ್ಯೂಯಾರ್ಕ್ ರಾಜ್ಯದ ಬಫಲೊ ನಗರದಲ್ಲಿ. ಜರ್ಮನಿಯಿಂದ ವಲಸೆ ಬಂದ ಕುಟುಂಬ. ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡರು. ಶಾಲೆಯಲ್ಲಿ ಆತನಿಗೆ ಸ್ಪೆಲಿಂಗ್ ಅಂದರೆ ಆಗದು, ಒಮ್ಮೆ ಆ ಪಾಠ ತಪ್ಪಿಸಿಕೊಳ್ಳಲು ಕಿಟಕಿಯಿಂದ ಹಾರಿ ಓಡಿದ್ದನೆಂಬ ಕಥೆಯಿದೆ. ಕೊನೆಗೆ ಮನೆಪಾಠವೇ ಗತಿಯಾಯಿತು. ಅಂಥ ಹುಡುಗ 19ನೇ ವಯಸ್ಸಿಗೆ ಕೊಲಂಬಿಯಾದ ಗಣಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿ ಪಡೆದ. ಗಣಿಗೆ ಮಾತ್ರ ಇಳಿಯಲಿಲ್ಲ. ಪಾಠ ಹೇಳಿದ್ದ ಪ್ರೊಫೆಸರ್ ಒಬ್ಬರು 1880ರ ಜನಗಣತಿಯ ಕೆಲಸಕ್ಕೆ ಕರೆದರು, ಹೋದ.

ಆಗ ಅಮೆರಿಕದ ಜನಸಂಖ್ಯೆ ಸುಮಾರು 5 ಕೋಟಿ. ಮನೆ ಮನೆಯಿಂದ ಬಂದ ಹಾಳೆಗಳನ್ನು ನೋಡಿ ಗುಮಾಸ್ತರು ಒಬ್ಬೊಬ್ಬರಿಗೆ ಒಂದೊಂದು ಗೆರೆ ಎಳೆದು ಎಣಿಸುತ್ತಿದ್ದರು. ಗಂಡಸರೆಷ್ಟು, ಹೆಂಗಸರೆಷ್ಟು ಅಂದರೆ ಒಂದು ಸುತ್ತು. ಮದುವೆಯಾದವರೆಷ್ಟು ಅಂದರೆ ಮತ್ತೆ ಮೊದಲಿನಿಂದ. ಹೊರದೇಶದಲ್ಲಿ ಹುಟ್ಟಿ ಇಂಥ ಕಸುಬು ಮಾಡುವವರೆಷ್ಟು ಅಂದರೆ ಇನ್ನೊಂದು ಸುತ್ತು. ಲೆಕ್ಕ ಮುಗಿಯಲು ಏಳು ವರ್ಷಕ್ಕೂ ಹೆಚ್ಚು ಹಿಡಿಯಿತು. ಜನ ಹೆಚ್ಚಿದಂತೆ, ಒಂದು ಗಣತಿಯ ಲೆಕ್ಕ ಮುಗಿಯುವುದರೊಳಗೆ ಇನ್ನೊಂದು ಬಂದುಬಿಡುವ ಸ್ಥಿತಿ. ಇದಕ್ಕೆ ಯಂತ್ರವೊಂದು ಬೇಕು ಎಂಬ ಯೋಚನೆ ಕೊಟ್ಟವರು ಅಲ್ಲೇ ಇದ್ದ ಜಾನ್ ಶಾ ಬಿಲ್ಲಿಂಗ್ಸ್ ಎಂಬ ವೈದ್ಯರು. ಹಾಲೆರಿತ್ ಅದನ್ನು ಮುಂದೆ ಬಚ್ಚಿಡಲಿಲ್ಲ. ನನಗೆ ಆತ ಇಷ್ಟವಾಗಲು ಅದೂ ಒಂದು ಕಾರಣ.

ನಡುವೆ 1882ರಲ್ಲಿ ಎಂ.ಐ.ಟಿ.ಯಲ್ಲಿ ಪಾಠ ಮಾಡಿದ, ಪೇಟೆಂಟ್ ಕಚೇರಿಯಲ್ಲೂ ಸ್ವಲ್ಪ ಕಾಲ ದುಡಿದ. ತಲೆಯಲ್ಲಿ ಮಾತ್ರ ಆ ಗೆರೆಗಳೇ. ಮೊದಲು ಉದ್ದನೆಯ ಕಾಗದದ ಪಟ್ಟಿಗೆ ತೂತು ಕೊರೆದು ನೋಡಿದ. ಒಬ್ಬನ ವಿವರ ಬೇಕೆಂದರೆ ಇಡೀ ಸುರುಳಿ ಬಿಚ್ಚಬೇಕಾಗುತ್ತಿತ್ತು. ಆಗ ನೆನಪಾಗಿದ್ದು ರೈಲಿನ ಕಂಡಕ್ಟರ್. ಒಬ್ಬರ ಟಿಕೆಟ್‌ನಲ್ಲಿ ಇನ್ನೊಬ್ಬರು ಪ್ರಯಾಣ ಮಾಡಬಾರದೆಂದು ಆ ಕಂಡಕ್ಟರ್‌ಗಳು ಪ್ರಯಾಣಿಕರ ಕೂದಲಿನ ಬಣ್ಣ, ಕಣ್ಣು, ಮೂಗು ಹೇಗಿದೆ ಎಂದು ಟಿಕೆಟ್‌ಗೆ ತೂತು ಹಾಕಿ ಗುರುತಿಡುತ್ತಿದ್ದರು. ಅಲ್ಲಿಂದ ಬಂದದ್ದು ಒಬ್ಬ ಮನುಷ್ಯನಿಗೆ ಒಂದು ಕಾರ್ಡು ಎಂಬ ಉಪಾಯ. ನಮ್ಮ ಡೇಟಾಬೇಸ್ ಪಾಠದಲ್ಲಿ ರೆಕಾರ್ಡ್ ಅಂದರೇನು ಎಂದು ಎರಡು ಪುಟ ಇದೆ. ಈ ಟಿಕೆಟ್ ಕಥೆ ಓದಿದ ಮೇಲೆ ಆ ಎರಡು ಪುಟ ಮತ್ತೆ ಓದುವ ಅಗತ್ಯ ಬೀಳಲಿಲ್ಲ.

ಯಂತ್ರ ಕೆಲಸ ಮಾಡುತ್ತಿದ್ದುದು ಹೀಗೆ. ಕಾರ್ಡನ್ನು ಇಟ್ಟು ಹಿಡಿಕೆ ಒತ್ತಿದರೆ ಸೂಜಿಯಂಥ ಕಡ್ಡಿಗಳು ಕೆಳಗಿಳಿಯುತ್ತವೆ. ತೂತಿದ್ದ ಕಡೆ ಮಾತ್ರ ಕಡ್ಡಿ ಕೆಳಗಿನ ಪುಟ್ಟ ಬಟ್ಟಲಿನ ಪಾದರಸ ಮುಟ್ಟುತ್ತದೆ, ವಿದ್ಯುತ್ ಹರಿಯುತ್ತದೆ, ಗಡಿಯಾರದಂಥ ಮುಖದ ಮೇಲೆ ಮುಳ್ಳು ಒಂದು ಅಂಕಿ ಮುಂದಕ್ಕೆ ಜರುಗುತ್ತದೆ. ಪಕ್ಕದ ಪೆಟ್ಟಿಗೆಯಲ್ಲಿ ಆ ಕಾರ್ಡು ಹೋಗಬೇಕಾದ ಗೂಡಿನ ಮುಚ್ಚಳ ತಾನಾಗಿ ತೆರೆಯುತ್ತದೆ. 1889ರಲ್ಲಿ ಸರ್ಕಾರ ಸ್ಪರ್ಧೆ ಇಟ್ಟಿತು, ಕಣದಲ್ಲಿದ್ದದ್ದು ಮೂರು ವಿಧಾನ. ವಿವರಗಳನ್ನು ಕಾರ್ಡಿಗೆ ಇಳಿಸಲು ಹಾಲೆರಿತ್ ವಿಧಾನಕ್ಕೆ ಹಿಡಿದದ್ದು 72.5 ಗಂಟೆ, ಉಳಿದೆರಡಕ್ಕೆ 100.5 ಮತ್ತು 144.5. ಎಣಿಸಿ ಪಟ್ಟಿ ಮಾಡಲು ಈತನಿಗೆ ಬರೀ 5.5 ಗಂಟೆ, ಉಳಿದವರಿಗೆ 44.5 ಮತ್ತು 55.5.

ಈ ಅಂಕಿಗಳನ್ನು ಎರಡು ಸಲ ನೋಡಿ. ಎಣಿಕೆ ಪವಾಡದಂತೆ ಇಳಿಯಿತು, ವಿವರ ತುಂಬುವ ಕೆಲಸ ಅಷ್ಟಾಗಿ ಇಳಿಯಲಿಲ್ಲ. ಇವತ್ತಿಗೂ ಹಾಗೇ. ಮಂಡಿಯ ಕಂಪ್ಯೂಟರ್ ಬಿಲ್ಲು ತೆಗೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ರಾಶಿಯೋ ಬೆಟ್ಟೆಯೋ ಗೊರಬಲೋ ಎಂದು ನೋಡಿ ಚೀಲಚೀಲದ ತೂಕ ತುಂಬುವುದರಲ್ಲೇ ನನ್ನ ದಿನ ಹೋಗುತ್ತದೆ. ಡೇಟಾ ಎಂಟ್ರಿಯವನು ಅಂತ ಯಾರಾದರೂ ಹಗುರವಾಗಿ ಮಾತಾಡಿದರೆ ಈಗ ಮೊದಲಿನಷ್ಟು ಬೇಸರವಾಗುವುದಿಲ್ಲ.

1890ರ ಗಣತಿಯ ಒಟ್ಟು ಲೆಕ್ಕ ಕೆಲವೇ ವಾರಗಳಲ್ಲಿ ಹೊರಬಂತು: 6 ಕೋಟಿ 26 ಲಕ್ಷ ಚಿಲ್ಲರೆ. ಇನ್ನೂ ಹೆಚ್ಚು ಜನರಿದ್ದಾರೆಂದು ನಂಬಿದ್ದ ಕೆಲವರು ಯಂತ್ರವನ್ನೇ ಬೈದರು! ಅದೇ ವರ್ಷ ತನ್ನ ವಿಧಾನದ ಬಗ್ಗೆ ಬರೆದದ್ದಕ್ಕೆ ಕೊಲಂಬಿಯಾದಿಂದ ಡಾಕ್ಟರೇಟ್ ಬಂತು. ಅದೇ ವರ್ಷ ಲೂಸಿಯಾ ಟಾಲ್ಕಟ್ ಜೊತೆ ಮದುವೆಯೂ ಆಯಿತು.

ಆದರೆ ಗಣತಿ ನಡೆಯುವುದು ಹತ್ತು ವರ್ಷಕ್ಕೊಮ್ಮೆ. ಉಳಿದ ವರ್ಷ ಹೊಟ್ಟೆಗೇನು? ಹಾಲೆರಿತ್ ರೈಲ್ವೆ ಕಡೆ ನೋಡಿದ. ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯಲ್ಲಿ ಸರಕು ಸಾಗಣೆಯ ಚೀಟಿಗಳು ಲಕ್ಷಗಟ್ಟಲೆ ಬೀಳುತ್ತಿದ್ದವು. ಅಲ್ಲಿ ತಲೆ ಎಣಿಸಿದರೆ ಸಾಲದು, ಮೊತ್ತ ಕೂಡಿಸಬೇಕು. ಯಂತ್ರಕ್ಕೆ ಕೂಡುವುದನ್ನು ಕಲಿಸಿದ. ನಮ್ಮ ಕೋರ್ಸಿನ ಹೆಸರಿನಲ್ಲಿರುವ ಬಿಸಿನೆಸ್ ಎಂಬ ಪದ ಇಲ್ಲಿಂದಲೇ ಶುರು ಅಂತ ನನ್ನ ಅನಿಸಿಕೆ. 1896ರಲ್ಲಿ ಟ್ಯಾಬುಲೇಟಿಂಗ್ ಮಷೀನ್ ಕಂಪನಿ ಕಟ್ಟಿದ. ಯಂತ್ರ ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿದ್ದ, ಕಾರ್ಡುಗಳನ್ನೂ ತಾನೇ ಮಾರುತ್ತಿದ್ದ. ಇವತ್ತು ಸಾಫ್ಟ್‌ವೇರ್‌ಗೆ ತಿಂಗಳ ಚಂದಾ ಕಟ್ಟುತ್ತೇವಲ್ಲ, ಅದೇ ಲೆಕ್ಕ. ರಷ್ಯಾ ಕೂಡ 1897ರ ಗಣತಿಗೆ ಇದೇ ಯಂತ್ರ ತರಿಸಿಕೊಂಡಿತು.

ಹಾಗೆಂದು ಆತ ಎಲ್ಲದರಲ್ಲೂ ಜಾಣನಾಗಿರಲಿಲ್ಲ. ಬಾಡಿಗೆ ವಿಪರೀತ ಎಂದು ಜನಗಣತಿ ಇಲಾಖೆಯ ಹೊಸ ನಿರ್ದೇಶಕ ತಕರಾರು ತೆಗೆದ. ಹಾಲೆರಿತ್ ಬಗ್ಗಲಿಲ್ಲ. 1905ರ ಹೊತ್ತಿಗೆ ಸಂಬಂಧ ಮುರಿದುಬಿತ್ತು. ಇಲಾಖೆ ಸ್ವಂತ ಯಂತ್ರ ಮಾಡಿಸಿಕೊಂಡಿತು, ಅದಕ್ಕಾಗಿ ದುಡಿದ ಜೇಮ್ಸ್ ಪವರ್ಸ್ ಮುಂದೆ ಹಾಲೆರಿತ್‌ಗೇ ಪೈಪೋಟಿಯಾದ. ಕೋರ್ಟಿಗೆ ಹೋದರೂ ಗೆಲ್ಲಲಿಲ್ಲ. ಗುಮಾಸ್ತರ ಕಷ್ಟವನ್ನು ಪಕ್ಕದಲ್ಲಿ ಕೂತು ನೋಡಿದ್ದವನು ಗಿರಾಕಿಯ ಕಷ್ಟ ಕೇಳಲಿಲ್ಲವಲ್ಲ ಎಂದು ಓದುವಾಗ ಸಿಟ್ಟೇ ಬಂತು.

1911ರಲ್ಲಿ ಕಂಪನಿ ಮಾರಿದ. ಇನ್ನೆರಡು ಮುಖ್ಯ ಕಂಪನಿಗಳೊಡನೆ ಸೇರಿ ಅದು ಹೊಸ ರೂಪ ಪಡೆಯಿತು. 1914ರಲ್ಲಿ ಥಾಮಸ್ ವಾಟ್ಸನ್ ಬಂದರು, 1924ರಲ್ಲಿ ಹೆಸರು ಐ.ಬಿ.ಎಂ. ಎಂದಾಯಿತು. ನನ್ನ ಗೆಳೆಯರು ಬೆಂಗಳೂರಿನಲ್ಲಿ ರೆಸ್ಯೂಮೆ ಕಳಿಸುತ್ತಿರುವ ಅದೇ ಐ.ಬಿ.ಎಂ. ಹಾಲೆರಿತ್ ಹಸು ಸಾಕಿಕೊಂಡು, ದೋಣಿ ಹತ್ತಿಕೊಂಡು ಕಾಲ ಕಳೆದ. 1929ರ ನವೆಂಬರ್ 17ರಂದು ವಾಷಿಂಗ್ಟನ್‌ನಲ್ಲಿ ತೀರಿಕೊಂಡಾಗ 69 ವರ್ಷ.

ಅಸೈನ್‌ಮೆಂಟ್ ಮತ್ತೊಮ್ಮೆ ಕಳಿಸಲು ಅವಕಾಶವಿತ್ತು. ಮುಂದಿನ ಸೋಮವಾರ ಅರ್ಧ ಗಂಟೆ ಮೊದಲೇ ಮಂಡಿಗೆ ಹೋಗಿ ಲಾರಿ ಬರುವ ಬಾಗಿಲಲ್ಲಿ ನಿಂತೆ. ನಾನು ಇಷ್ಟು ದಿನ ಮಾಹಿತಿ ಶುರುವಾಗುವುದು ನನ್ನ ತೂಕದ ಚೀಟಿಯಿಂದ ಅಂದುಕೊಂಡಿದ್ದೆ. ಅದಕ್ಕೂ ಮೊದಲು ಹಮಾಲಿ ಅಣ್ಣ ಒಬ್ಬರು ಚೀಲದ ಮೇಲೆ ರೈತರ ಹೆಸರಿನ ಮೊದಲಕ್ಷರ, ಊರಿನ ಗುರುತು ಬರೆಯುತ್ತಿದ್ದರು. ಅದು ಮಸುಕಾದ ದಿನವೇ ನಮ್ಮಲ್ಲಿ ಲೆಕ್ಕ ತಪ್ಪುವುದು. ಚಿತ್ರದ ಮೊದಲ ಚೌಕದಲ್ಲಿ ಅವರನ್ನೇ ಬರೆದು ಕಳಿಸಿದ್ದೇನೆ. ಅಂಕ ಇನ್ನೂ ಬಂದಿಲ್ಲ.