ಕೋಲಾರದ ಚಿನ್ನ ಹುಡುಕಿದ ಲ್ಯಾವೆಲ್ಲೆ

ನಮ್ಮೂರಿನ ಲ್ಯಾವೆಲ್ಲೆ ರಸ್ತೆ ಎಲ್ಲರಿಗೂ ಗೊತ್ತು. ಆ ಹೆಸರು ಐರ್ಲೆಂಡ್ ಮೂಲದ ಸೈನಿಕ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ಲೆಯವರದು. ನ್ಯೂಜಿಲೆಂಡ್ ಯುದ್ಧ ಮುಗಿಸಿ ಬಂದು ಬೆಂಗಳೂರು ಕಂಟೋನ್ಮೆಂಟಿನಲ್ಲಿ ನೆಲೆಸಿದ ಅವರು ಲೆಫ್ಟಿನೆಂಟ್ ಜಾನ್ ವಾರೆನ್ ಅವರ ಹಳೆಯ ವರದಿಯನ್ನು ಓದಿದರು. 1802ರಲ್ಲಿ ಕೋಲಾರ ಸೀಮೆಯ ಹಳ್ಳಿಗರು ವಾರೆನ್ ಎದುರೇ ಮಣ್ಣು ತೊಳೆದು ಚಿನ್ನದ ಕಣ ತೋರಿಸಿದ್ದರು.

ಚಿನ್ನದ ಸಾಪೇಕ್ಷ ಸಾಂದ್ರತೆ ಸುಮಾರು 19, ಬೆಣಚುಕಲ್ಲಿನದು 2.65. ನೀರು ಹಗುರ ಮಣ್ಣನ್ನು ಒಯ್ದರೆ ಚಿನ್ನ ತಳದಲ್ಲಿ ಉಳಿಯುತ್ತದೆ. ಬಣ್ಣ ನಂಬಿದರೆ ಮೋಸವಾಗಬಹುದು, ಪೈರೈಟ್ ಸಹ ಹಳದಿಯಾಗಿ ಹೊಳೆಯುತ್ತದೆ. ಮೆರುಗಿಲ್ಲದ ಪಿಂಗಾಣಿಗೆ ಉಜ್ಜಿದರೆ ಪೈರೈಟಿನ ಗೆರೆ ಕಪ್ಪು, ಚಿನ್ನದ್ದು ಹಳದಿ. ಸುತ್ತಿಗೆಯಿಂದ ಬಡಿದರೆ ಪೈರೈಟ್ ಪುಡಿಯಾಗುತ್ತದೆ, ಚಿನ್ನ ತಗಡಾಗುತ್ತದೆ.

1871ರಲ್ಲಿ ಲ್ಯಾವೆಲ್ಲೆ ಎತ್ತಿನ ಗಾಡಿಯಲ್ಲಿ ಕೋಲಾರಕ್ಕೆ ಹೋಗಿ ಹುಡುಕಾಟ ನಡೆಸಿದರು. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿ, 1875ರಲ್ಲಿ 20 ವರ್ಷಗಳ ಗುತ್ತಿಗೆ ಪಡೆದರು. ಆಳದ ಬಂಡೆ ಒಡೆಯುವಷ್ಟು ಬಂಡವಾಳ ಅವರಲ್ಲಿರಲಿಲ್ಲ. ಕೆಲವೇ ವರ್ಷಗಳಲ್ಲಿ ಹಕ್ಕು ಬೇರೆಯವರ ಪಾಲಾಯಿತು, ಗಣಿ 2001ರವರೆಗೆ ನಡೆಯಿತು.

ಲ್ಯಾವೆಲ್ಲೆಯವರ ಹೆಸರು ರಸ್ತೆಯಲ್ಲಿ ಉಳಿದಿದೆ. ಮಣ್ಣು ತೊಳೆದು ಚಿನ್ನದ ಗುರುತು ತೋರಿಸಿಕೊಟ್ಟ ಹಳ್ಳಿಗರನ್ನೂ ನಮ್ಮ ಶಾಲೆಯ ಮಕ್ಕಳು ನೆನೆಯಲಿ.