ಜಗಜ್ಜೆಟ್ಟಿ ಜೋ ಲೂಯಿಸ್

2024ನೆಯ ಇಸವಿಯ ಮೇ ತಿಂಗಳ 18ರ ರಾತ್ರಿ ಸೌದಿ ಅರೇಬಿಯದ ರಿಯಾಧ್ ನಗರದಲ್ಲಿ ಯುಕ್ರೇನ್ ದೇಶದ ಒಲೆಕ್ಸಾಂಡರ್ ಉಸಿಕ್ ಎಂಬ ಮುಷ್ಟಿಯೋಧನು ಇಂಗ್ಲೆಂಡಿನ ಟೈಸನ್ ಫ್ಯೂರಿಯನ್ನು ಸೋಲಿಸಿ, ಹೆವಿವೇಟ್ ವರ್ಗದ ಏಕಮಾತ್ರ ಚಾಂಪಿಯನ್ ಎನಿಸಿಕೊಂಡನು. 1999ರ ತರುವಾಯ ಈ ಗೌರವವು ಮತ್ತಾರಿಗೂ ಲಭಿಸಿರಲಿಲ್ಲ. ಅಂದಿನಿಂದ ನಮ್ಮ ಹೋಟೆಲುಗಳಲ್ಲಿ, ರಾತ್ರಿ ಬಾಗಿಲು ಹಾಕಿ ನೆಲ ತೊಳೆದ ಮೇಲೆ, ತರುಣರ ನಡುವೆ ಒಂದೇ ವಾದ. ಉಸಿಕನೇ ಸರ್ವಶ್ರೇಷ್ಠನೆಂದು ಕೆಲವರು. ಮಹಮ್ಮದ್ ಅಲಿಯ ಮುಂದೆ ಇವನೇನೆಂದು ಉಳಿದವರು. ಜೋ ಲೂಯಿಸನ ಹೆಸರೆತ್ತಿದವರನ್ನು ಮಾತ್ರ ನಾವು ಕಾಣಲಿಲ್ಲ. ಆ ಕೊರತೆಯನ್ನು ತುಂಬಲೆಂದೇ ಇಂದು ಲೇಖನಿ ಹಿಡಿದಿದ್ದೇವೆ.

1937ರ ಜೂನ್ 22ರಿಂದ 1949ರ ಮಾರ್ಚ್ 1ರವರೆಗೆ, ಅಂದರೆ ಹನ್ನೊಂದು ವರುಷ ಎಂಟು ತಿಂಗಳ ಕಾಲ, ಹೆವಿವೇಟ್ ಪಟ್ಟವು ಈತನದಾಗಿತ್ತು. ಆ ಅವಧಿಯಲ್ಲಿ 25 ಸಲ ಅದನ್ನು ಪಣಕ್ಕಿಟ್ಟು 25 ಸಲವೂ ಉಳಿಸಿಕೊಂಡನು. ಈ ಎರಡು ದಾಖಲೆಗಳನ್ನೂ ಆ ವರ್ಗದಲ್ಲಿ ಇದುವರೆಗೆ ಯಾರೂ ಮುರಿದಿಲ್ಲ. ಈಗಿನ ಚಾಂಪಿಯನ್ನರು ವರುಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಬಾರಿ ಕಣಕ್ಕಿಳಿಯುತ್ತಾರೆ. ಲೂಯಿಸನು 1941ನೆಯ ಒಂದೇ ವರುಷದಲ್ಲಿ ಏಳು ಬಾರಿ ಪಟ್ಟವನ್ನು ಪಣಕ್ಕೊಡ್ಡಿದ್ದನು.

ಜೋಸೆಫ್ ಲೂಯಿಸ್ ಬ್ಯಾರೋ ಎಂಬುದು ಆತನ ಪೂರ್ಣ ನಾಮಧೇಯ. 1914ರ ಮೇ 13ರಂದು ಅಮೇರಿಕೆಯ ಅಲಬಾಮಾ ಸಂಸ್ಥಾನದ ಒಂದು ಹತ್ತಿಯ ಸೀಮೆಯಲ್ಲಿ, ಪರರ ಹೊಲವನ್ನು ಪಾಲಿಗೆ ಉಳುತ್ತಿದ್ದ ಬಡ ಕಪ್ಪು ಜನಾಂಗದ ಕುಟುಂಬದಲ್ಲಿ ಜನಿಸಿದನು. ಎಂಟು ಮಕ್ಕಳಲ್ಲಿ ಏಳನೆಯವನು. ಈತನು ಇನ್ನೂ ಕೂಸಾಗಿದ್ದಾಗಲೇ ತಂದೆಯು ಬುದ್ಧಿಭ್ರಮಣೆಯಿಂದ ಆಸ್ಪತ್ರೆ ಸೇರಿದನು. ತಾಯಿ ಲಿಲ್ಲಿ ಮರುವಿವಾಹವಾದಳು. 1926ರಲ್ಲಿ ಕುಟುಂಬವು ಊರು ಬಿಟ್ಟು ಮೋಟಾರು ಕಾರ್ಖಾನೆಗಳ ಪಟ್ಟಣವಾದ ಡೆಟ್ರಾಯಿಟಿಗೆ ವಲಸೆ ಬಂದಿತು. ಊರಿನಲ್ಲಿ ಹೊಟ್ಟೆಗಿಲ್ಲವೆಂದು ಟ್ರಂಕು ಹೊತ್ತು ಪರಊರಿನ ಸ್ಟೇಷನ್ನಿನಲ್ಲಿ ಇಳಿದವರಿಗೆ ಈ ಸಂಗತಿಯನ್ನು ನಾವು ವಿವರಿಸಬೇಕಾದುದಿಲ್ಲ.

ಮಗನು ಸಂಗೀತ ಕಲಿತು ಮಾನವಂತನಾಗಲೆಂದು ತಾಯಿಯು ಪಿಟೀಲು ಪಾಠಕ್ಕೆ ಹಣ ಕೊಡುತ್ತಿದ್ದಳು. ಆತನು ಆ ಹಣವನ್ನು ವ್ಯಾಯಾಮಶಾಲೆಗೆ ತೆತ್ತು ಮುಷ್ಟಿಯುದ್ಧ ಕಲಿತನು. ಕೈಗವಸುಗಳನ್ನು ಪಿಟೀಲಿನ ಪೆಟ್ಟಿಗೆಯಲ್ಲಿಯೇ ಅಡಗಿಸಿ ಒಯ್ಯುತ್ತಿದ್ದನೆಂಬ ಕಥೆಯೂ ಉಂಟು. 1932ರಲ್ಲಿ ಹವ್ಯಾಸಿಯಾಗಿ ಮೊದಲ ಬಾರಿಗೆ ಕಣಕ್ಕಿಳಿದಾಗ, ಒಲಿಂಪಿಕ್ಸಿಗೆ ಆಯ್ಕೆಯಾಗಿದ್ದವನೊಬ್ಬನ ಕೈಯಲ್ಲಿ ಮತ್ತೆ ಮತ್ತೆ ನೆಲಕ್ಕುರುಳಿ ಸೋತನು. ಆ ಅಪಮಾನದಿಂದ ಕೈಗವಸು ಕಳಚಿಟ್ಟು ಕೆಲಕಾಲ ಫೋರ್ಡ್ ಕಾರ್ಖಾನೆಯಲ್ಲಿ ಕೂಲಿ ಮಾಡಿದನು. ಆದರೆ ಮನಸ್ಸು ತಡೆಯಲಿಲ್ಲ. 1934ರಲ್ಲಿ ಹವ್ಯಾಸಿಗಳ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದನು. ಅದೇ ವರುಷದ ಜುಲೈ 4ರಂದು ಶಿಕಾಗೋದಲ್ಲಿ ವೃತ್ತಿಪರನಾಗಿ ಮೊದಲ ಸ್ಪರ್ಧೆಯನ್ನು ಗೆದ್ದಾಗ ದೊರೆತ ಸಂಭಾವನೆ 59 ಡಾಲರು.

ಆತನ ವ್ಯವಹಾರವನ್ನು ವಹಿಸಿಕೊಂಡವನು ಜಾನ್ ರಾಕ್ಸ್‌ಬರೋ. ಈತನೂ ಕಪ್ಪು ಜನಾಂಗದವನೇ. ನಮ್ಮ ಮುಂಬಯಿಯ ಮಟ್ಕಾದಂತಹ ಅಂಕಿಯ ಜೂಜನ್ನು ನಡೆಸಿ ಹಣ ಮಾಡಿದವನಾದರೂ ಲೋಕವನ್ನು ಚೆನ್ನಾಗಿ ಬಲ್ಲವನು. ಹಿಂದೆ 1908ರಿಂದ 1915ರವರೆಗೆ ಜ್ಯಾಕ್ ಜಾನ್ಸನ್ ಎಂಬ ಕಪ್ಪು ವೀರನು ಚಾಂಪಿಯನ್ನನಾಗಿದ್ದನು. ಆತನು ಸೋತವರನ್ನು ನೋಡಿ ನಗುತ್ತಿದ್ದನು, ಬಿಳಿಯ ಹೆಂಗಸರನ್ನು ವರಿಸಿದನು. ಬಿಳಿಯರು ಇದನ್ನು ಸಹಿಸಲಿಲ್ಲ. ಜಾನ್ಸನ್ ಪಟ್ಟ ಕಳೆದುಕೊಂಡ ತರುವಾಯ ಇಪ್ಪತ್ತೆರಡು ವರುಷಗಳ ಕಾಲ ಆ ಜನಾಂಗದ ಒಬ್ಬನಿಗೂ ಹೆವಿವೇಟ್ ಪಟ್ಟಕ್ಕಾಗಿ ಹೋರಾಡುವ ಅವಕಾಶವನ್ನೇ ಕೊಡಲಿಲ್ಲ. ಆದುದರಿಂದ ಲೂಯಿಸನಿಗೆ ಕಟ್ಟುನಿಟ್ಟಾದ ನಿಯಮಗಳು ವಿಧಿಸಲ್ಪಟ್ಟವು. ಬಿದ್ದ ಎದುರಾಳಿಯನ್ನು ಹೀಯಾಳಿಸಕೂಡದು. ಬಿಳಿಯ ಸ್ತ್ರೀಯರೊಡನೆ ಭಾವಚಿತ್ರ ತೆಗೆಯಿಸಕೂಡದು. ಮೋಸದ ಕಾಳಗಕ್ಕೆ ಒಪ್ಪಕೂಡದು. ಕ್ಯಾಮೆರಾದ ಮುಂದೆ ಮುಖದಲ್ಲಿ ಭಾವ ತೋರಕೂಡದು. ಗೆದ್ದವನಿಗೆ ನಗುವ ಹಕ್ಕೂ ಇಲ್ಲದಂತಹ ಪಟ್ಟವದು! ಉಸಿಕನನ್ನಾಗಲೀ ಫ್ಯೂರಿಯನ್ನಾಗಲೀ ಲೂಯಿಸನೊಡನೆ ತೂಗುವವರು ಈ ಭಾರವನ್ನೂ ತಕ್ಕಡಿಗೆ ಹಾಕಬೇಕೆಂಬುದು ನಮ್ಮ ಅಭಿಪ್ರಾಯ.

ಇನ್ನು ದೇಹದ ತೂಕದ ಮಾತು. ಈಗಿನ ದೈತ್ಯರ ಮುಂದೆ ಲೂಯಿಸನಂತಹವನು ನಿಲ್ಲಲಾರನೆಂದು ಅನೇಕರು ವಾದಿಸುತ್ತಾರೆ. ಆರಡಿ ಎರಡಂಗುಲ ಎತ್ತರದ ಆತನು 200 ಪೌಂಡಿನ ಆಸುಪಾಸಿನಲ್ಲಿದ್ದನೆಂಬುದು ನಿಜ. ಆದರೆ 1935ರ ಜೂನ್ 25ರಂದು ಆತನು ಆರನೆಯ ಸುತ್ತಿನಲ್ಲಿ ಕೆಡವಿದ ಇಟಲಿಯ ಪ್ರೀಮೋ ಕಾರ್ನೆರಾ ಆರೂವರೆ ಅಡಿ ಎತ್ತರದವನು, ಸುಮಾರು 260 ಪೌಂಡು ತೂಕದವನು. ಅಷ್ಟೇಕೆ, ರಿಯಾಧಿನಲ್ಲಿ ಫ್ಯೂರಿಯು ಉಸಿಕನಿಗಿಂತ ಹತ್ತಿರ ಹತ್ತಿರ 40 ಪೌಂಡು ಹೆಚ್ಚಿದ್ದನಲ್ಲವೇ? ಗಾತ್ರವೇ ಸರ್ವಸ್ವವಾಗಿದ್ದರೆ ಈ ಚರ್ಚೆಗೇ ಅವಕಾಶವಿರುತ್ತಿರಲಿಲ್ಲ.

ಲೂಯಿಸನಿಗೆ ದೋಷಗಳಿರಲಿಲ್ಲವೆಂದಲ್ಲ. ಎಡಗೈಯಿಂದ ಚುಚ್ಚಿದೊಡನೆ ಆ ಕೈಯನ್ನು ಕೆಳಗಿಳಿಸುತ್ತಿದ್ದನು. ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಇದನ್ನು ಗುರುತಿಸಿ, 1936ರ ಜೂನ್ 19ರಂದು ಅದೇ ಸಂದಿನಲ್ಲಿ ಬಲಗೈ ಬೀಸಿ, 12ನೆಯ ಸುತ್ತಿನಲ್ಲಿ ಆತನನ್ನು ಕೆಡವಿದನು. ಹಿಟ್ಲರನ ಪಕ್ಷದವರು ಇದನ್ನು ಬಿಳಿಯ ಜನಾಂಗದ ವಿಜಯವೆಂದು ಡಂಗುರ ಸಾರಿದರು. ಮರುವರುಷ ಲೂಯಿಸನು ಜೇಮ್ಸ್ ಬ್ರ್ಯಾಡಕ್ಕನನ್ನು ಎಂಟನೆಯ ಸುತ್ತಿನಲ್ಲಿ ಸೋಲಿಸಿ ಪಟ್ಟವೇರಿದರೂ ಆ ಸೋಲಿನ ಮುಳ್ಳು ಉಳಿದೇ ಇತ್ತು. 1938ರ ಜೂನ್ 22ರಂದು ನ್ಯೂಯಾರ್ಕಿನ ಯಾಂಕೀ ಮೈದಾನದಲ್ಲಿ, ಸುಮಾರು 70 ಸಾವಿರ ಪ್ರೇಕ್ಷಕರ ಮುಂದೆ, ಅವರಿಬ್ಬರೂ ಮತ್ತೆ ಎದುರಾದರು. ಕಾಳಗವು 2 ನಿಮಿಷ 4 ಸೆಕೆಂಡುಗಳಲ್ಲಿ ಮುಗಿದುಹೋಯಿತು. ಒಂದು ಚಹಾ ಕುಡಿದು ಮುಗಿಸುವಷ್ಟು ಹೊತ್ತೂ ಅಲ್ಲ! ಷ್ಮೆಲಿಂಗನು ನಾಜಿ ಪಕ್ಷದ ಸದಸ್ಯನಾಗಿರಲಿಲ್ಲವೆಂಬುದನ್ನೂ, ಅದೇ ವರುಷದ ನವೆಂಬರಿನಲ್ಲಿ ಯೆಹೂದ್ಯರ ಮೇಲೆ ದಾಳಿಗಳಾದಾಗ ಇಬ್ಬರು ಯೆಹೂದಿ ಬಾಲಕರನ್ನು ಬಚ್ಚಿಟ್ಟು ಕಾಪಾಡಿದನೆಂಬುದನ್ನೂ ಇಲ್ಲಿ ಹೇಳುವುದು ನ್ಯಾಯ.

ಹಳಬರನ್ನೂ ಹೊಸಬರನ್ನೂ ಹೋಲಿಸುವುದು ಎಷ್ಟು ಕಷ್ಟವೆಂಬುದಕ್ಕೆ 1941ರ ಜೂನ್ 18ರ ಕಾಳಗವೊಂದೇ ಸಾಕು. ಬಿಲ್ಲಿ ಕಾನ್ ಎಂಬವನು ಕೆಳಗಿನ ತೂಕದ ವರ್ಗದಲ್ಲಿ ಚಾಂಪಿಯನ್ನನಾಗಿದ್ದು ಮೇಲೇರಿ ಬಂದವನು. ಉಸಿಕನೂ ಹೀಗೆಯೇ ಬಂದವನೆಂಬುದನ್ನು ವಾಚಕರು ಗಮನಿಸಬೇಕು. ಕಾಲಿನ ಚುರುಕಿನಿಂದ ಆತನು ಲೂಯಿಸನನ್ನು ದಣಿಸಿಬಿಟ್ಟನು. ಹನ್ನೆರಡು ಸುತ್ತುಗಳು ಮುಗಿದಾಗ ಮೂವರು ತೀರ್ಪುಗಾರರಲ್ಲಿ ಇಬ್ಬರ ಲೆಕ್ಕದಲ್ಲಿ ಕಾನ್ ಮುಂದಿದ್ದನು, ಮೂರನೆಯವನಲ್ಲಿ ಸಮಸಮ. ಆದರೆ ಆಗ ಪಟ್ಟದ ಕಾಳಗಕ್ಕೆ 15 ಸುತ್ತುಗಳು. 13ನೆಯ ಸುತ್ತು ಮುಗಿಯಲು ಎರಡು ಸೆಕೆಂಡುಗಳಿರುವಾಗ ಲೂಯಿಸನ ಹೊಡೆತಕ್ಕೆ ಕಾನ್ ಉರುಳಿದನು. 1980ರ ದಶಕದಲ್ಲಿ ಸುತ್ತುಗಳನ್ನು 12ಕ್ಕೆ ಇಳಿಸಲಾಯಿತು. ಆ ನಿಯಮವು 1941ರಲ್ಲಿಯೇ ಇದ್ದಿದ್ದರೆ ಅಂದೇ ಲೂಯಿಸನ ಪಟ್ಟ ಹೋಗುತ್ತಿತ್ತು. ಉಸಿಕನೊಡನೆ 12 ಸುತ್ತುಗಳಾದರೆ ಉಸಿಕ್, 15 ಆದರೆ ಲೂಯಿಸ್: ನಮ್ಮನ್ನು ಕೇಳಿದರೆ ಇದಕ್ಕಿಂತ ಹೆಚ್ಚು ಹೇಳಲಾರೆವು.

ಇವರಿಬ್ಬರನ್ನೂ ಸ್ವದೇಶದ ಯುದ್ಧವು ಕರೆಯಿತು. 2022ರ ಫೆಬ್ರವರಿಯಲ್ಲಿ ರಷ್ಯಾ ದಂಡೆತ್ತಿ ಬಂದಾಗ ಉಸಿಕನು ಕೀವ್ ನಗರದ ರಕ್ಷಣಾದಳ ಸೇರಿದನು. ಬಳಿಕ ಅನುಮತಿ ಪಡೆದು ಹೊರಬಂದು, ಆಗಸ್ಟಿನಲ್ಲಿ ಪಟ್ಟವನ್ನು ಉಳಿಸಿಕೊಂಡನು. ಲೂಯಿಸನು 1942ರ ಜನವರಿಯಲ್ಲಿ ಬಡ್ಡಿ ಬೇರನೊಡನೆ ಕಾದಾಡಿ, ತನ್ನ ಸಂಭಾವನೆಯನ್ನು ನೌಕಾದಳದ ಪರಿಹಾರ ನಿಧಿಗೆ ಕೊಟ್ಟು, ಅದೇ ತಿಂಗಳು ಸೈನ್ಯ ಸೇರಿದನು. ಮಾರ್ಚಿನ ಕಾಳಗದ ಹಣವನ್ನು ಭೂಸೈನ್ಯದ ನಿಧಿಗೆ ಕೊಟ್ಟನು. ಸುಮಾರು 20 ಲಕ್ಷ ಸೈನಿಕರ ಮುಂದೆ ತೊಂಬತ್ತಕ್ಕೂ ಮಿಕ್ಕಿ ಪ್ರದರ್ಶನ ಪಂದ್ಯಗಳನ್ನಾಡಿದನು. ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ದಳಗಳಿದ್ದ ಸೈನ್ಯವದು.

ಇಲ್ಲಿಂದ ಮುಂದಿನ ಕಥೆಯನ್ನು ನಾವು ಗಲ್ಲೆಯ ಮೇಲೆ ಕುಳಿತು ಲೆಕ್ಕ ಬರೆದವರ ಕಣ್ಣಿನಿಂದಲೇ ನೋಡುತ್ತೇವೆ. ಲೂಯಿಸನು ಕಣದಲ್ಲಿ ಗಳಿಸಿದುದು ಒಟ್ಟು 46 ಲಕ್ಷ ಡಾಲರುಗಳಿಗೂ ಹೆಚ್ಚು. ಆತನ ಕೈಗೆ ಬಂದುದು ಸುಮಾರು 8 ಲಕ್ಷ ಮಾತ್ರ. ಉಳಿದುದು ವ್ಯವಸ್ಥಾಪಕರ ಪಾಲು. ಬಂದ ಹಣದಲ್ಲಿ ತಾಯಿಗೆ ಮನೆ ಕೊಂಡನು. ಕಷ್ಟಕಾಲದಲ್ಲಿ ಡೆಟ್ರಾಯಿಟ್ ನಗರಸಭೆಯು ತನ್ನ ಕುಟುಂಬಕ್ಕೆ ಕೊಟ್ಟಿದ್ದ ಸಹಾಯಧನವನ್ನು ಹಿಂದಿರುಗಿಸಿದನು. ತನ್ನ ಹೆಸರಿನಲ್ಲಿ ಉಪಾಹಾರಗೃಹ, ಹಾಲಿನ ಕಂಪನಿ, ತಲೆಗೆ ಹಚ್ಚುವ ಪೊಮೇಡು, ಪಾನಕ ಎಂದು ಏನೇನೋ ನಡೆಸಿ ಎಲ್ಲದರಲ್ಲಿಯೂ ಕೈ ಸುಟ್ಟುಕೊಂಡನು. ಬೋರ್ಡಿನ ಮೇಲೆ ಹೆಸರಿದ್ದು ಮಾಲಿಕನು ಗಲ್ಲೆಯಲ್ಲಿಲ್ಲದ ಹೋಟೆಲಿನ ಗತಿಯನ್ನು ನಮ್ಮ ವಾಚಕರು ಬಲ್ಲರು. ಇದೆಲ್ಲಕ್ಕಿಂತ ಕ್ರೂರವಾದುದು ಆದಾಯ ತೆರಿಗೆ. ಯುದ್ಧನಿಧಿಗೆ ದಾನಕೊಟ್ಟ ಸಂಭಾವನೆಯನ್ನೂ ಆತನ ಆದಾಯವೆಂದೇ ಲೆಕ್ಕ ಹಿಡಿದು ಅದಕ್ಕೂ ತೆರಿಗೆ ಹಾಕಿದರು. ಬಡ್ಡಿ ಬೆಳೆದು ಬಾಕಿಯು 10 ಲಕ್ಷ ಡಾಲರು ಮೀರಿತು. 1953ರಲ್ಲಿ ತಾಯಿ ತೀರಿಕೊಂಡಾಗ ಆಕೆ ಮಗನಿಗೆ ಬಿಟ್ಟುಹೋದ 667 ಡಾಲರುಗಳನ್ನೂ ತೆರಿಗೆಯವರು ಒಯ್ದರು. ಪಿಟೀಲು ಪಾಠಕ್ಕೆ ಕಾಸು ಕೂಡಿಸಿಟ್ಟ ತಾಯಿಯ ಉಳಿತಾಯವದು.

ಈ ಬಾಕಿಗಾಗಿಯೇ ನಿವೃತ್ತನಾದವನು ಮತ್ತೆ ಕಣಕ್ಕಿಳಿದನು. 1950ರಲ್ಲಿ ಎಜ಼ರ್ಡ್ ಚಾರ್ಲ್ಸನಿಗೆ ಸೋತನು. 1951ರ ಅಕ್ಟೋಬರ್ 26ರಂದು ರಾಕಿ ಮಾರ್ಸಿಯಾನೋ ಆತನನ್ನು ಎಂಟನೆಯ ಸುತ್ತಿನಲ್ಲಿ ಕೆಡವಿದನು; ಬಾಲ್ಯದಿಂದ ಪೂಜಿಸುತ್ತಿದ್ದ ವೀರನನ್ನು ತಾನೇ ಉರುಳಿಸಬೇಕಾಯಿತೆಂದು ಗೆದ್ದವನೇ ಕಣ್ಣೀರಿಟ್ಟನಂತೆ. 1956ರಲ್ಲಿ ಲೂಯಿಸನು ಹಣಕ್ಕಾಗಿ ಸೋಗಿನ ಕುಸ್ತಿಯ ಅಖಾಡಕ್ಕೂ ಇಳಿದನು. 1960ರ ದಶಕದಲ್ಲಿ ಸರಕಾರವು ಹಳೆಯ ಬಾಕಿಯನ್ನು ಹಿಂಡುವುದನ್ನು ಬಿಟ್ಟು, ಅಂದಂದಿನ ವರಮಾನಕ್ಕೆ ತಕ್ಕಷ್ಟನ್ನೇ ವಸೂಲು ಮಾಡತೊಡಗಿತು. 1970ರಲ್ಲಿ ಮನಸ್ಸಿನ ಸ್ತಿಮಿತ ತಪ್ಪಿ ಡೆನ್ವರ್ ನಗರದ ಆಸ್ಪತ್ರೆ ಸೇರಿದನು.

ಕಡೆಗೆ ಆತನಿಗೆ ಆಶ್ರಯವಾದುದು ಒಂದು ಹೋಟೆಲು. ಲಾಸ್ ವೇಗಾಸ್ ನಗರದ ಸೀಸರ್ಸ್ ಪ್ಯಾಲೆಸ್ ಎಂಬ ದೊಡ್ಡ ಹೋಟೆಲಿನಲ್ಲಿ, ಬಂದ ಗಿರಾಕಿಗಳ ಕೈ ಕುಲುಕಿ ಸ್ವಾಗತಿಸುವುದು ಆತನ ಕೆಲಸ. ಅಲಿಯ ಕಾಲದ ಪತ್ರಿಕೆಗಳು ಇದನ್ನು ಕಂಡು ಮರುಕಪಟ್ಟವು. ನಮಗೆ ಮಾತ್ರ ಆ ಮರುಕವು ಅರ್ಥವಾಗುವುದಿಲ್ಲ. ಬಾಗಿಲಲ್ಲಿ ನಿಂತು ಬಂದವರಿಗೆ ನಮಸ್ಕಾರ ಹೇಳುವುದು ಯಾವ ಲೆಕ್ಕದಲ್ಲಿ ಹೀನವೃತ್ತಿ? ಜನರು ಆತನ ಕೈ ಮುಟ್ಟಬೇಕೆಂದೇ ಬರುತ್ತಿದ್ದರು. ಇಲ್ಲಿ ಆತನು ನಗಬಹುದಿತ್ತು, ಯಾರ ನಿಯಮವೂ ಅಡ್ಡ ಬರುತ್ತಿರಲಿಲ್ಲ.

1977ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದ ಮೇಲೆ ಗಾಲಿಕುರ್ಚಿಯೇ ಗತಿಯಾಯಿತು. 1981ರ ಏಪ್ರಿಲ್ 11ರಂದು ಅದೇ ಸೀಸರ್ಸ್ ಪ್ಯಾಲೆಸಿನಲ್ಲಿ ಲ್ಯಾರಿ ಹೋಮ್ಸ್ ಮತ್ತು ಟ್ರೆವರ್ ಬರ್ಬಿಕರ ನಡುವೆ ಪಟ್ಟದ ಕಾಳಗ ನಡೆಯಿತು. ಲೂಯಿಸನನ್ನು ಕುರ್ಚಿಯಲ್ಲಿ ಕರೆತಂದಾಗ ನೆರೆದವರು ಜಯಘೋಷ ಮಾಡಿದರು. ಮರುದಿನ ಆತನು ತೀರಿಕೊಂಡನು. ವಯಸ್ಸು 66. ರಾಷ್ಟ್ರಾಧ್ಯಕ್ಷ ರೇಗನ್ ನಿಯಮವನ್ನು ಸಡಿಲಿಸಿ, ಆರ್ಲಿಂಗ್ಟನ್ನಿನ ಸೈನಿಕ ಸ್ಮಶಾನದಲ್ಲಿ ಮಣ್ಣು ಮಾಡಲು ಅಪ್ಪಣೆ ಕೊಟ್ಟನು. ಅಂತ್ಯಕ್ರಿಯೆಯ ವೆಚ್ಚದಲ್ಲಿ ಒಂದು ಪಾಲನ್ನು ಭರಿಸಿದವನು, ಯುದ್ಧಾನಂತರ ಕೋಕಾಕೋಲಾ ವ್ಯಾಪಾರದಲ್ಲಿ ಹಣವಂತನಾಗಿ, ಬಹುಕಾಲ ಲೂಯಿಸನ ಮಿತ್ರನಾಗಿದ್ದ ಮ್ಯಾಕ್ಸ್ ಷ್ಮೆಲಿಂಗ್.